ಕೊಯ್ಯಬೇಕಾ, ಕಾಯಬೇಕಾ? ಕೊಳಕುಮಂಡಲ ಕಚ್ಚಿದ ಕಾಲು ಮತ್ತು ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್

ರೋಗಿ ಮಂಡ್ಯ ಕಡೆಯ ರೈತ ಹೆಂಗಸು. ವಯಸ್ಸು 45ರ ಆಸುಪಾಸು. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ, ದಿನಾ ನುಂಗುವ ಮಾತ್ರೆಯೂ ಇಲ್ಲ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಸಂಜೆ ಆರೂವರೆ ಹೊತ್ತಿಗೆ ಕಬ್ಬಿನ ಗದ್ದೆಯ ಬದುವಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಲಗಾಲಿನ ಹೊರಮಗ್ಗುಲಿಗೆ, ಹರಡಿನ ಸ್ವಲ್ಪ ಮೇಲೆ ಹಾವು ಕಚ್ಚಿತು. "ಬುಸ್ ಅಂತ ಜೋರು ಸದ್ದು ಬಂತು ಸಾ, ನೋಡೋದ್ರೊಳಗೆ ಚುರ್ ಅಂತು" ಎಂದು ಅವರೇ ಹೇಳಿದರು. ಮಗ ಟಾರ್ಚ್ ಬಿಟ್ಟು ದೂರದಿಂದಲೇ ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಹಾವನ್ನು ಹೊಡೆದು ಚೀಲದಲ್ಲಿ ತುಂಬಿಕೊಂಡು ಬರುವುದಕ್ಕಿಂತ ಇದು ನೂರು ಪಾಲು ವಾಸಿ. ಫೋಟೊದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ದಪ್ಪ ಮೈ, ಮೂರು ಮೂಲೆಯ ತಲೆ, ಬೆನ್ನುದ್ದಕ್ಕೂ ಕಪ್ಪು ಅಂಚಿನ ಕಂದು ಮಚ್ಚೆಗಳ ಸಾಲು. ಕೊಳಕುಮಂಡಲ.

ಮನೆಯವರು ಮೊಣಕಾಲ ಮೇಲೊಂದು, ಕೆಳಗೊಂದು ಟವಲ್ ಬಿಗಿದಿದ್ದರು. ಪಕ್ಕದ ಊರಲ್ಲಿ ನಾಟಿ ಮದ್ದು ಕೊಡುವವರ ಮನೆಗೆ ಹೋಗಿ ಸೊಪ್ಪಿನ ರಸ ಹಚ್ಚಿಸಿದ್ದರು. ಅಲ್ಲೇ ಒಂದು ಗಂಟೆ ಹೋಯಿತು. ನಮ್ಮ ಎಮರ್ಜೆನ್ಸಿಗೆ ಬಂದಾಗ ರಾತ್ರಿ 8:40.

ಬಂದಾಗ

ನಾಡಿ 112, ಬಿ.ಪಿ. 100/70, ಆಮ್ಲಜನಕ ಪ್ರಮಾಣ 97. ಉಸಿರಾಟ ಸರಿ. ರೆಪ್ಪೆ ಜೋತು ಬಿದ್ದಿರಲಿಲ್ಲ, ಮಾತು ತೊದಲುತ್ತಿರಲಿಲ್ಲ. ಕಚ್ಚಿದ ಎರಡು ತೂತುಗಳಿಂದ ರಕ್ತ ಜಿನುಗುತ್ತಲೇ ಇತ್ತು, ಒಸಡಿನಲ್ಲೂ ರಕ್ತ. ಊತ ಮೀನಖಂಡದ ಅರ್ಧದವರೆಗೆ ಏರಿತ್ತು.

ಮೊದಲು ಆಗಬೇಕಾದದ್ದು ಗಾಜಿನ ಕೊಳವೆ ಪರೀಕ್ಷೆ. ಎರಡು ಎಂ.ಎಲ್. ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದು ಸಲ ಬಗ್ಗಿಸಿ ನೋಡಬೇಕು. ಪ್ಲಾಸ್ಟಿಕ್ ಕೊಳವೆ ಆಗುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ಆಗುವುದಿಲ್ಲ. ಇವರ ರಕ್ತ ನೀರಿನ ಹಾಗೆ ಹರಿಯಿತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆಯನ್ನು ಒಂದೇ ಸಲ ಬಡಿದೆಬ್ಬಿಸುತ್ತದೆ. ಇದ್ದಬದ್ದ ಫೈಬ್ರಿನೋಜನ್ ಎಲ್ಲ ಖರ್ಚಾಗಿ ಕೊನೆಗೆ ಹೆಪ್ಪುಗಟ್ಟಲು ಏನೂ ಉಳಿಯುವುದಿಲ್ಲ.

ಎ.ಎಸ್.ವಿ. ಹತ್ತು ವಯಲ್ ಶುರುವಾಯಿತು. ಜನ 'ಹಾವಿನ ಇಂಜೆಕ್ಷನ್' ಅನ್ನುವುದು ಇದನ್ನೇ. ನಮ್ಮ ದೇಶದಲ್ಲಿ ಸಿಗುವುದು ನಾಲ್ಕು ಹಾವುಗಳ ವಿಷಕ್ಕೆ ಮಾತ್ರ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕಾಲು ಗಂಟೆಯೊಳಗೆ ಮೈಯೆಲ್ಲ ದದ್ದು, ತುರಿಕೆ, ಗಂಟಲು ಬಿಗಿತ. ಡ್ರಿಪ್ ನಿಲ್ಲಿಸಿ ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟೆವು. ರಕ್ತ ಹೆಪ್ಪುಗಟ್ಟದ ರೋಗಿಗೆ ಮಾಂಸಖಂಡಕ್ಕೆ ಸೂಜಿ ಚುಚ್ಚಬಾರದು, ನಿಜ. ಟಿ.ಟಿ. ಇಂಜೆಕ್ಷನ್ನನ್ನೂ ಅದಕ್ಕೇ ಮರುದಿನಕ್ಕೆ ಮುಂದೂಡಿದ್ದೆವು. ಆದರೆ ಅಡ್ರಿನಲಿನ್ ವಿಷಯದಲ್ಲಿ ಆ ಲೆಕ್ಕ ಇಲ್ಲ. ಚುಚ್ಚಿದ ಜಾಗವನ್ನು ಒತ್ತಿ ಹಿಡಿದರಾಯಿತು. ದದ್ದು ಇಳಿದ ಮೇಲೆ ಡ್ರಿಪ್ ನಿಧಾನವಾಗಿ ಮತ್ತೆ ಶುರು. ಔಷಧಿ ಒಳಗೆ ಹೋಗುತ್ತಿದ್ದಂತೆ ಟವಲ್‌ಗಳನ್ನು ಒಂದೊಂದಾಗಿ ಬಿಚ್ಚಿದೆವು.

ಇಷ್ಟರಲ್ಲಿ ನಮ್ಮ ಸಿಸ್ಟರ್ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದರು. ಎರಡನೇ ಬೆರಳಿನ ಬೆಳ್ಳಿ ಕಾಲುಂಗುರ ಆಗಲೇ ಮಾಂಸದೊಳಗೆ ಹೂತು ಹೋಗಿತ್ತು. ಬೆರಳ ತುದಿ ನೀಲಿಗಟ್ಟಿತ್ತು. ಕತ್ತರಿಸಬೇಕು ಅಂದರೆ ರೋಗಿ ಒಪ್ಪಲಿಲ್ಲ. "ಯಜಮಾನ್ರು ಇರೋವಾಗ ಕಾಲುಂಗ್ರ ತೆಗೀಬಾರ್ದು ಕಣವ್ವ" ಅಂತ ಕಾಲು ಎಳೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ಅತ್ತೆಯವರನ್ನು ಸಿಸ್ಟರ್ ಒಳಗೆ ಕರೆದರು. ಅವರು ಸೊಸೆಯ ಕಾಲು ಹಿಡಿದುಕೊಂಡು, "ನೀನು ಉಳ್ಕೊಂಡ್ರೆ ಹೊಸ ಜೊತೆ ನಾನೇ ಮಾಡಿಸ್ಕೊಡ್ತೀನಿ, ಸುಮ್ನಿರು" ಅಂದರು. ಕಟರ್ ಎರಡು ನಿಮಿಷ ತೆಗೆದುಕೊಂಡಿತು. ಬೆರಳಿಗೆ ಬಣ್ಣ ಬಂತು. ಹಾವು ಕಚ್ಚಿದವರ ಉಂಗುರ, ಬಳೆ, ಗೆಜ್ಜೆ, ಕೈಗೆ ಕಟ್ಟಿದ ದಾರ, ಎಲ್ಲವನ್ನೂ ಮನೆಯಲ್ಲೇ, ಊತ ಏರುವ ಮೊದಲೇ ತೆಗೆದುಬಿಟ್ಟರೆ ಇಷ್ಟೆಲ್ಲ ಪಡಿಪಾಟಲು ಇರುವುದಿಲ್ಲ.

ರಾತ್ರಿ ಹನ್ನೊಂದರ ಪ್ರಶ್ನೆ

ಎ.ಎಸ್.ವಿ. ಮುಗಿದು ಸ್ವಲ್ಪ ಹೊತ್ತಾಗಿತ್ತು. ಊತ ಮಾತ್ರ ನಿಲ್ಲಲಿಲ್ಲ. ಮೊಣಕಾಲು ದಾಟಿತು. ಮೊಣಕಾಲಿನ ಕೆಳಗೆ ಚರ್ಮ ಬಿಗಿದು ಮಿರಮಿರ ಹೊಳೆಯುತ್ತಿತ್ತು. ಹರಡಿನ ಹತ್ತಿರ ನೀರುಗುಳ್ಳೆ, ಕೆಲವದರಲ್ಲಿ ರಕ್ತ. ಹೆಬ್ಬೆರಳನ್ನು ಮೆಲ್ಲಗೆ ಮೇಲೆ-ಕೆಳಗೆ ಆಡಿಸಿದರೆ ಸಾಕು, ಕಿರುಚುತ್ತಿದ್ದರು. ಪಾದದ ಮೇಲಿನ ನಾಡಿ ಬೆರಳಿಗೆ ಸಿಗುತ್ತಿರಲಿಲ್ಲ.

ಡ್ಯೂಟಿಯಲ್ಲಿದ್ದ ಸರ್ಜನ್ ಬಂದು ನೋಡಿದರು. ಅನುಭವಿ. ಸುಮ್ಮಸುಮ್ಮನೆ ಚಾಕು ಎತ್ತುವವರಲ್ಲ. "ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇದು. ಓಪನ್ ಮಾಡೋಣ. ಬೆಳಗಿನವರೆಗೆ ಕಾದರೆ ಕಾಲು ಹೋಗುತ್ತೆ" ಅಂದರು.

"ರಕ್ತ ಹೆಪ್ಪುಗಟ್ಟುತ್ತಿಲ್ಲ ಸರ್. ಈಗ ಕೊಯ್ದರೆ ಜೀವ ಹೋಗುತ್ತೆ" ಅಂದೆ.

ಇಬ್ಬರ ಮಾತಲ್ಲೂ ನ್ಯಾಯ ಇತ್ತು. ಅದೇ ಕಷ್ಟ.

ಮೊಣಕಾಲ ಕೆಳಗಿನ ಮಾಂಸಖಂಡಗಳು ನಾಲ್ಕು ಕೋಣೆಗಳಲ್ಲಿವೆ. ಪ್ರತಿ ಕೋಣೆಗೂ ಗಟ್ಟಿ ಪೊರೆಯ ಗೋಡೆ. ಆ ಪೊರೆ ಹಿಗ್ಗುವುದಿಲ್ಲ. ಒಳಗಿನ ಮಾಂಸಖಂಡ ಊದಿಕೊಂಡರೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ. ಆಗ ಪೊರೆಯನ್ನು ಉದ್ದಕ್ಕೆ ಸೀಳುವುದೇ ದಾರಿ. ಅದಕ್ಕೆ ಫೇಷಿಯಾಟಮಿ ಅನ್ನುತ್ತಾರೆ. ಅಪಘಾತದಲ್ಲಿ ಮೂಳೆ ಮುರಿದವರಿಗೆ ಇದು ಕಾಲು ಉಳಿಸುವ ಆಪರೇಷನ್.

ಹಾವು ಕಡಿತದಲ್ಲಿ ಮಾತ್ರ ತೊಡಕಿದೆ. ಮಂಡಲದ ಹಲ್ಲು ಉದ್ದವೇ. ಆದರೂ ವಿಷ ಸಾಮಾನ್ಯವಾಗಿ ಬೀಳುವುದು ಚರ್ಮ ಮತ್ತು ಮಾಂಸಖಂಡದ ನಡುವಿನ ಕೊಬ್ಬಿನ ಪದರದಲ್ಲಿ. ಅಂದರೆ ಪೊರೆಯ ಹೊರಗೆ. ಅಲ್ಲಿ ಎಷ್ಟೇ ನೀರು ತುಂಬಿದರೂ ಕೋಣೆಯೊಳಗೆ ಒತ್ತಡ ಅಷ್ಟಾಗಿ ಏರುವುದಿಲ್ಲ. ಆದರೆ ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ. ಬಿಗಿದ ಕಾಲು, ವಿಪರೀತ ನೋವು, ಮರಗಟ್ಟಿದ ಹಾಗೆ, ಬೆರಳು ಆಡಿಸಿದರೆ ಕಿರುಚಾಟ. ನಾಡಿ ಸಿಗದಿರುವುದಕ್ಕೂ ಎರಡು ಕಾರಣ ಇರಬಹುದು. ರಕ್ತ ಬರುತ್ತಿಲ್ಲ ಅಂತಲೂ ಇರಬಹುದು, ಬೆರಳಿಗೂ ನಾಡಿಗೂ ನಡುವೆ ಎರಡು ಸೆಂಟಿಮೀಟರ್ ಊತ ಅಡ್ಡ ಬಂದಿದೆ ಅಂತಲೂ ಇರಬಹುದು. ಪುಸ್ತಕದಲ್ಲಿ ಬರೆದ ಲಕ್ಷಣಗಳೆಲ್ಲ ಮೂಳೆ ಮುರಿತವನ್ನು ನೋಡಿ ಬರೆದವು. ಹಾವು ಕಚ್ಚಿದ ಕಾಲಿಗೆ ಅವು ಅರ್ಧ ಮಾತ್ರ ಹೊಂದುತ್ತವೆ.

ಸರಿಯಾದ ದಾರಿ ಒತ್ತಡ ಅಳೆಯುವುದು. ಆಗ್ನೇಯ ಏಷ್ಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿಯಲ್ಲಿ ಫೇಷಿಯಾಟಮಿಗೆ ಲಕ್ಷಣಗಳ ಜೊತೆಗೆ ಇನ್ನೂ ಎರಡು ಷರತ್ತು ಇವೆ. ದೊಡ್ಡವರಲ್ಲಿ ಕೋಣೆಯ ಒತ್ತಡ 40 ಮಿ.ಮೀ. ಪಾದರಸ ದಾಟಿರಬೇಕು, ರಕ್ತ ಹೆಪ್ಪುಗಟ್ಟುವುದು ಸರಿಹೋಗಿರಬೇಕು. ಒತ್ತಡ ಅಳೆಯಲೆಂದೇ ಮಾಡಿದ ಸಾಧನ ನಮ್ಮಲ್ಲಿಲ್ಲ. ಐ.ಸಿ.ಯು.ನಲ್ಲಿ ಆರ್ಟರಿಯ ಬಿ.ಪಿ. ನೋಡುವ ಟ್ರಾನ್ಸ್‌ಡ್ಯೂಸರ್‌ಗೆ ಸೂಜಿ ಜೋಡಿಸಿ ಅಳೆಯಬಹುದು. ಆದರೆ ರಕ್ತ ನಿಲ್ಲದ ಕಾಲಿನ ಆಳಕ್ಕೆ ದಪ್ಪ ಸೂಜಿ ಇಳಿಸಬೇಕು. ನಾಲ್ಕು ಕೋಣೆಗೆ ನಾಲ್ಕು ತೂತು. ಒಳಗೆ ರಕ್ತ ಸೋರಿದರೆ ಇಲ್ಲದ ಒತ್ತಡವನ್ನು ನಾವೇ ತಂದಿಟ್ಟ ಹಾಗೆ.

"ಐದು ನಿಮಿಷ ಕೊಡಿ ಸರ್, ಊತ ಯಾವ ಪದರದಲ್ಲಿದೆ ನೋಡಿಬಿಡ್ತೀನಿ" ಅಂತ ಯಂತ್ರ ಎಳೆದುಕೊಂಡು ಬಂದೆ.

ಪರದೆಯಲ್ಲಿ ಕಂಡದ್ದು

ಬೇಕಾದದ್ದು ಚಪ್ಪಟೆ ಮುಖದ ಲೀನಿಯರ್ ಪ್ರೋಬ್. ಪ್ರೋಬ್ ಅಂದರೆ ಯಂತ್ರದಲ್ಲಿ ಮೈಮೇಲೆ ಇಡುವ ಭಾಗ. ರಕ್ತನಾಳ ನೋಡಿ ಲೈನ್ ಹಾಕಲು ಬಳಸುವುದೂ ಇದನ್ನೇ. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಇಲ್ಲಿ ಸಾಲದು. ಚರ್ಮದ ಹತ್ತಿರದ ಪದರಗಳು ಅದರಲ್ಲಿ ಕಲಸಿಹೋಗುತ್ತವೆ.

ನೀರುಗುಳ್ಳೆ ಇದ್ದ ಕಾಲು. ಅದಕ್ಕೇ ಸ್ಟೆರೈಲ್ ಗ್ಲೌಸಿನೊಳಗೆ ಜೆಲ್ ಹಾಕಿ ಪ್ರೋಬನ್ನು ಅದರೊಳಗೆ ಇಳಿಸಿದೆ. ಗುಳ್ಳೆ ಸಿಗದ ಕಡೆ ಚರ್ಮದ ಮೇಲೆ ದಪ್ಪಗೆ ಜೆಲ್ ಸುರಿದೆ. ಪ್ರೋಬ್ ಜೆಲ್ಲಿನ ಮೇಲೆ ತೇಲಬೇಕು, ಚರ್ಮವನ್ನು ಒತ್ತಬಾರದು. ಒತ್ತಿದರೆ ನೋವಾಗುವುದು ಒಂದು ಕಡೆ ಇರಲಿ, ಅಳತೆಯೇ ಸುಳ್ಳಾಗುತ್ತದೆ. ಊದಿದ ಕೊಬ್ಬು ಸುಲಭಕ್ಕೆ ಅಮುಕಿಕೊಳ್ಳುತ್ತದೆ. ಪರದೆಯಲ್ಲಿ ಪ್ರೋಬಿನ ಕೆಳಗೆ ಒಂದು ಕಪ್ಪು ಪಟ್ಟಿ, ಅಂದರೆ ಜೆಲ್ ಪದರ, ಕಾಣುತ್ತಿದ್ದರೆ ಕೈ ಹಗುರ ಇದೆ ಅಂತ ಅರ್ಥ.

ಮೊಣಕಾಲ ಚಿಪ್ಪಿನ ಕೆಳಗಿನ ಮೂಳೆ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ, ಮುಂಭಾಗದಲ್ಲಿ ಒಂದು ಗುರುತು. ಅದೇ ಮಟ್ಟದಲ್ಲಿ ಮೀನಖಂಡದ ಹಿಂದೆ ಇನ್ನೊಂದು. ಮಾರ್ಕರ್ ಪೆನ್ನಿನಲ್ಲಿ ಎರಡೂ ಕಾಲಿಗೆ ಗೆರೆ ಎಳೆದೆ. ಎಡಗಾಲು ಯಾಕೆ? ಎಲ್ಲರಿಗೂ ಹೊಂದುವ ಸರಿಯಾದ ದಪ್ಪ ಅಂತ ಒಂದಿಲ್ಲ. ತೆಳ್ಳಗಿನವರ ಕಾಲು ಬೇರೆ, ದಪ್ಪಗಿನವರದು ಬೇರೆ. ಅವರ ಇನ್ನೊಂದು ಕಾಲೇ ಅವರಿಗೆ ಅಳತೆಗೋಲು.

ಎಡಗಾಲಿನಲ್ಲಿ ಚರ್ಮದಿಂದ ಪೊರೆಯವರೆಗೆ 8 ಮಿಲಿಮೀಟರ್. ಬಲಗಾಲಿನಲ್ಲಿ 24. ಮೂರು ಪಟ್ಟು. ಕೊಬ್ಬಿನ ಪದರದ ತುಂಬ ಬಿಳಿ ಗಂಟುಗಳು, ಅವುಗಳ ಸುತ್ತ ನೀರಿನ ಕಪ್ಪು ಗೆರೆಗಳು. ನಮ್ಮ ಕಡೆ ಗಿಲಾವು ಮಾಡದೆ ಬಿಟ್ಟ ಸೈಜುಗಲ್ಲಿನ ಗೋಡೆ ಇರುತ್ತದಲ್ಲ, ಹಾಗೆ. ಊತ ಎಲ್ಲಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಈಗ ಅದರ ಕೆಳಗೆ. ಪೊರೆ ಬಿಳಿ ಗೆರೆಯಾಗಿ ಚೂಪಾಗಿ ಕಾಣುತ್ತಿತ್ತು. ನೇರವಾಗಿತ್ತು, ಹೊರಕ್ಕೆ ಉಬ್ಬಿರಲಿಲ್ಲ. ಮುಂಭಾಗದ ಮಾಂಸಖಂಡ ಎಡಗಾಲಿನಲ್ಲಿ 26 ಮಿಲಿಮೀಟರ್, ಬಲಗಾಲಿನಲ್ಲಿ 27. ಒಂದು ಮಿಲಿಮೀಟರ್ ವ್ಯತ್ಯಾಸ ಕೈಯ ಅಲುಗಾಟದಲ್ಲೇ ಬಂದುಬಿಡುತ್ತದೆ, ಅದಕ್ಕೆ ಬೆಲೆ ಇಲ್ಲ. ಮಾಂಸಖಂಡದ ಎಳೆಗಳು ಸಾಲುಸಾಲಾಗಿ ಬಿಡಿಸಿ ಕಾಣುತ್ತಿದ್ದವು. ಊದಿದ ಅಥವಾ ಸಾಯುತ್ತಿರುವ ಮಾಂಸಖಂಡದಲ್ಲಿ ಆ ಸಾಲು ಅಳಿಸಿಹೋಗಿ ಎಲ್ಲ ಮಬ್ಬು ಬೂದಿ ಬಣ್ಣವಾಗುತ್ತದೆ. ಇಲ್ಲಿ ಹಾಗಿರಲಿಲ್ಲ. ಬೆರಳು ಆಡಿಸಲು ಹೇಳಿದಾಗ ಎಳೆಗಳು ಜಾರುವುದು ಪರದೆಯಲ್ಲೇ ಕಂಡಿತು.

ಆಮೇಲೆ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್. ಬೆರಳಿಗೆ ಸಿಗದ ಪಾದದ ನಾಡಿ ಪರದೆಯಲ್ಲಿ ಚೆನ್ನಾಗಿ ಹೊಡೆಯುತ್ತಿತ್ತು. ಸ್ಪೀಕರಿನಲ್ಲಿ ಆ ಸದ್ದು ಬಂದಾಗ ಸರ್ಜನ್ ಬಗ್ಗಿ ನೋಡಿದರು. ಇಲ್ಲಿ ನೋಡಬೇಕಾದದ್ದು ಎರಡು ಬಡಿತಗಳ ನಡುವಿನ ಹರಿವು. ಕೋಣೆಯ ಒತ್ತಡ ಏರಿದರೆ ಆ ಹೊತ್ತಿನಲ್ಲಿ ರಕ್ತ ನಿಂತುಬಿಡುತ್ತದೆ, ಅಥವಾ ಬಡಿತಗಳ ನಡುವಿನ ಉದ್ದಕ್ಕೂ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಇವರದು ಮುಂದಕ್ಕೇ ಹರಿಯುತ್ತಿತ್ತು. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ, ತೊಡೆಸಂದಿನ ಮತ್ತು ಮೊಣಕಾಲ ಹಿಂದಿನ ವೇನ್‌ಗಳನ್ನೂ ಒತ್ತಿ ನೋಡಿದೆ. ಪೂರ್ತಿ ಮುಚ್ಚಿಕೊಂಡವು. ಹೆಪ್ಪು ಇಲ್ಲ.

ಇದು ನಮ್ಮ ಒಬ್ಬ ರೋಗಿಯಲ್ಲಿ ಮಾತ್ರ ಕಂಡದ್ದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹಾವು ಕಚ್ಚಿ ಕೈಕಾಲು ಊದಿದ 42 ಜನರನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ 2016ರಲ್ಲಿ ವರದಿ ಮಾಡಿದ್ದಾರೆ. ಅಲ್ಲೂ ಊತದ ಹೆಚ್ಚಿನ ಪಾಲು ಚರ್ಮದ ಕೆಳಗಿನ ಪದರದಲ್ಲೇ ಇತ್ತು. ಹಾವುಗಳು ಬೇರೆ, ಪದರದ ಕಥೆ ಒಂದೇ.

ಸರ್ಜನ್ ಪೂರ್ತಿ ಒಪ್ಪಲಿಲ್ಲ. "ನೀವು ದಪ್ಪ ಅಳೆದಿರಿ, ಒತ್ತಡ ಅಳೆದಿಲ್ಲ" ಅಂದರು. ಮಾತು ನೂರಕ್ಕೆ ನೂರು ಸರಿ. ಅಲ್ಟ್ರಾಸೌಂಡ್ ಒತ್ತಡ ತೋರಿಸುವುದಿಲ್ಲ. ಅದು ಹೇಳುವುದು ಊತ ಎಲ್ಲಿದೆ ಅಂತ ಮಾತ್ರ. ಆದರೆ ಆ ರಾತ್ರಿ ನಮಗೆ ಬೇಕಿದ್ದದ್ದು ಅದೇ. ಮಾಂಸಖಂಡ ಊದಿಯೇ ಇಲ್ಲ ಅಂದಮೇಲೆ ಅದರ ಕೋಣೆಯಲ್ಲಿ ಒತ್ತಡ ಯಾಕೆ ಏರಬೇಕು?

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕಾಯುವುದು, ಆದರೆ ಕಣ್ಣಿಟ್ಟು ಕಾಯುವುದು. ಗಂಟೆಗೊಮ್ಮೆ ಅದೇ ಗುರುತಿನ ಮೇಲೆ ಅಳತೆ. ಮಾಂಸಖಂಡ ದಪ್ಪವಾದರೆ, ಪೊರೆ ಉಬ್ಬಿದರೆ, ಬಡಿತಗಳ ನಡುವಿನ ಹರಿವು ಕೆಟ್ಟರೆ, ಅಥವಾ ಹೆಬ್ಬೆರಳು-ಎರಡನೇ ಬೆರಳ ಸಂದಿಯಲ್ಲಿ ಸ್ಪರ್ಶ ಗೊತ್ತಾಗದೆ ಹೋದರೆ, ಆಗ ಸೂಜಿ ಹಾಕಿ ಒತ್ತಡ ನೋಡುವುದು. ಆ ಸಂದಿಗೆ ಹೋಗುವ ನರ ಮುಂಭಾಗದ ಕೋಣೆಯ ಮೂಲಕವೇ ಸಾಗುತ್ತದೆ. ಒತ್ತಡ ಏರಿದರೆ ಮೊದಲು ದೂರು ಹೇಳುವುದು ಅದೇ. ಹತ್ತಿಯ ಎಳೆಯಿಂದ ಮುಟ್ಟಿ ನೋಡುವ ಕೆಲಸವನ್ನು ಸಿಸ್ಟರ್ ವಹಿಸಿಕೊಂಡರು. ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ ಹೆಪ್ಪುಗಟ್ಟಿಸುವ ಅಂಶಗಳಿರುವ ಪ್ಲಾಸ್ಮಾ, ಕ್ರಯೊ ಸಿದ್ಧ ಇಡಲು ಹೇಳಿದೆವು.

ಕಾಲನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ ಇಟ್ಟೆವು. ನೋವಿಗೆ ಪ್ಯಾರಾಸಿಟಮಾಲ್ ಮತ್ತು ಟ್ರಮಡಾಲ್. ಡಿಕ್ಲೋಫೆನಾಕ್ ಕಡೆ ತಲೆ ಹಾಕಲಿಲ್ಲ. ರಕ್ತಕ್ಕೂ ಕೆಡುಕು, ಕಿಡ್ನಿಗೂ ಕೆಡುಕು.

ಹನ್ನೆರಡೂವರೆಗೆ ಕೊಬ್ಬಿನ ಪದರ 26. ಎರಡು ಗಂಟೆಗೆ 27. ಮಾಂಸಖಂಡ 27ರಲ್ಲೇ ನಿಂತಿತ್ತು. ಸ್ಪರ್ಶ ಸರಿ ಇತ್ತು. ಬೆಳಗಿನ ಜಾವ ಮೂರೂಕಾಲಿಗೆ ಆರು ಗಂಟೆಯ ಗಾಜಿನ ಕೊಳವೆ ಪರೀಕ್ಷೆ. ಇನ್ನೂ ಹೆಪ್ಪುಗಟ್ಟಲಿಲ್ಲ. ಎ.ಎಸ್.ವಿ. ಎರಡನೇ ಸಲ ಹತ್ತು ವಯಲ್. ಆರು ಗಂಟೆ ಅನ್ನುವುದಕ್ಕೂ ಕಾರಣ ಇದೆ. ವಿಷವನ್ನು ತಟಸ್ಥ ಮಾಡಿದ ಮೇಲೂ ಲಿವರ್ ಹೊಸದಾಗಿ ಫೈಬ್ರಿನೋಜನ್ ತಯಾರಿಸಲು ಅಷ್ಟು ಹೊತ್ತು ಬೇಕು. ಬೆಳಗ್ಗೆ ಒಂಬತ್ತೂವರೆಗೆ ಕೊಳವೆ ಬಗ್ಗಿಸಿದಾಗ ರಕ್ತ ಗಟ್ಟಿಯಾಗಿ ತಳಕ್ಕೆ ಅಂಟಿಕೊಂಡಿತ್ತು. ಅಷ್ಟರಲ್ಲಿ ಊತ 26ಕ್ಕೆ ಇಳಿದಿತ್ತು. ಕಾಲಿಗೆ ಚಾಕು ಬೀಳಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗಂಟೆಗೊಮ್ಮೆ ನಂಬರ್ ಬರುತ್ತಿದ್ದರೆ ಅದಕ್ಕೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಎರಡು ಗಂಟೆಗೆ 27 ಬಂದಾಗ ನಮ್ಮ ಜೂನಿಯರ್, "ಊತ ಏರ್ತಿದೆ, ಇನ್ನೂ ಹತ್ತು ವಯಲ್ ಹಾಕೋಣ್ವಾ ಸರ್?" ಎಂದು ಕೇಳಿದರು. ಬೇಡ. ಈ ರೋಗಿಯಲ್ಲಿ ಎ.ಎಸ್.ವಿ. ಎಷ್ಟು ಅನ್ನುವುದನ್ನು ಹೇಳುವುದು ಕೊಳವೆಯಲ್ಲಿರುವ ರಕ್ತ, ಪರದೆಯ ಮಿಲಿಮೀಟರ್ ಅಲ್ಲ. ಒಳಗೆ ಸೇರಿ ಅಂಗಾಂಶಕ್ಕೆ ಅಂಟಿಕೊಂಡ ವಿಷದಿಂದ ಆದ ಊತವನ್ನು ಎ.ಎಸ್.ವಿ. ಹಿಂದಕ್ಕೆ ತರುವುದಿಲ್ಲ. ಲಕ್ಷಾಂತರ ರೂಪಾಯಿಯ ಯಂತ್ರ ಪಕ್ಕದಲ್ಲಿದ್ದರೂ ಎರಡನೇ ಡೋಸ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡಿದ್ದು ಕೆಲವೇ ರೂಪಾಯಿಯ ಗಾಜಿನ ಕೊಳವೆ.

ಯಂತ್ರದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಸ್ಟೆತಸ್ಕೋಪಿನ ಹಾಗೆ ಬೇಕಾದಲ್ಲಿಗೆ ಒಯ್ಯುವ ಹಾಗಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಕಾಯ್ದೆ ಪ್ರಕಾರ ಪ್ರತಿ ಯಂತ್ರವೂ, ಅದನ್ನು ಇಡುವ ಜಾಗವೂ ನೋಂದಣಿ ಆಗಬೇಕು. ಕಾಯ್ದೆ ಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ಸಣ್ಣ ಆಸ್ಪತ್ರೆಗಳಲ್ಲಿ ಯಂತ್ರ ಸ್ಕ್ಯಾನಿಂಗ್ ರೂಮಿನಲ್ಲಿ ಬೀಗದೊಳಗೆ ಇರುತ್ತದೆ, ರಾತ್ರಿ ಬೀಗದ ಕೈ ಇನ್ಯಾರದೋ ಮನೆಯಲ್ಲಿ. ಎಮರ್ಜೆನ್ಸಿಗೆ ಒಂದು ಯಂತ್ರವನ್ನು ಮೊದಲೇ ಕಾನೂನಿನ ಪ್ರಕಾರ ನೋಂದಾಯಿಸಿ ಇಟ್ಟುಕೊಳ್ಳದಿದ್ದರೆ ಹಾವು ಕಚ್ಚಿದ ರಾತ್ರಿ ಅದು ಇದ್ದೂ ಇಲ್ಲದ ಹಾಗೆ.

ಮರುದಿನ, ಬೇರೆ ಪ್ರಶ್ನೆ

ಕಾಲು ಉಳಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಮೂತ್ರ ಕಡಿಮೆಯಾಯಿತು. ಕ್ಯಾಥೆಟರ್ ಚೀಲದಲ್ಲಿ ಕಾಫಿ ಬಣ್ಣದ ಸ್ವಲ್ಪ ಮೂತ್ರ. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.1 ಇದ್ದದ್ದು 2.4 ಆಯಿತು. ಕಿಡ್ನಿಗೆ ಪೆಟ್ಟು ಕೊಡುವುದು ಕೊಳಕುಮಂಡಲದ ಹಳೇ ಚಾಳಿ. ಸ್ಕ್ಯಾನಿನಲ್ಲಿ ಕಿಡ್ನಿಗಳ ಗಾತ್ರ ಸರಿ ಇತ್ತು, ಎಲ್ಲೂ ಅಡಚಣೆ ಇರಲಿಲ್ಲ, ಮೂತ್ರಕೋಶ ಖಾಲಿ. ಕ್ಯಾಥೆಟರ್ ಕಟ್ಟಿಕೊಂಡು ಮೂತ್ರ ನಿಂತದ್ದಲ್ಲ ಅಂತ ಗೊತ್ತಾಯಿತು.

ಸಂಜೆ ಹೊತ್ತಿಗೆ ಮುಖ ಬಾತುಕೊಂಡಿತು. ಕಿವಿಯ ಕೆಳಗೆ ಎರಡೂ ಕಡೆ ಕೆನ್ನೆ ಉಬ್ಬಿ ಮುಖದ ಆಕಾರವೇ ಬದಲಾಯಿತು. ಕಣ್ಣಿನ ಬಿಳಿಭಾಗದ ಪೊರೆಯಲ್ಲಿ ನೀರು ತುಂಬಿತು. ಆಮ್ಲಜನಕ 90ಕ್ಕೆ ಇಳಿಯಿತು, ಬಿ.ಪಿ. 86/54. ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 36ರಿಂದ 51ಕ್ಕೆ ಏರಿತ್ತು. ರಕ್ತ ಹೋದ ರೋಗಿಯಲ್ಲಿ ಅದು ಇಳಿಯಬೇಕಿತ್ತು, ಅಲ್ವಾ? ಏರಿದೆ ಅಂದರೆ ರಕ್ತದ ನೀರಿನಂಶ ನಾಳಗಳಿಂದ ಹೊರಗೆ ಸೋರುತ್ತಿದೆ. ಇದಕ್ಕೆ ಕ್ಯಾಪಿಲರಿ ಲೀಕ್ ಸಿಂಡ್ರೋಮ್ ಎನ್ನುತ್ತಾರೆ. ಕೊಳಕುಮಂಡಲ ಕಡಿತದಲ್ಲಿ ಇದು ದಕ್ಷಿಣ ಭಾರತದ ವೈದ್ಯರು, ಅದರಲ್ಲೂ ಕೇರಳದವರು, ಚೆನ್ನಾಗಿ ಬಲ್ಲ ಪಿಡುಗು. ಬಂದವರಲ್ಲಿ ಸಾವು ಹೆಚ್ಚು. ಕೆನ್ನೆಯ ಗ್ರಂಥಿ ಊದುವುದು, ಕಣ್ಣಿನ ಪೊರೆ ಊದುವುದು ಅದರ ಮುನ್ಸೂಚನೆ.

ಈಗ ಇಕ್ಕಟ್ಟು ನೋಡಿ. ಬಿ.ಪಿ. ಬಿದ್ದಿದೆ, ಡ್ರಿಪ್ ಜೋರಾಗಿ ಬಿಡಬೇಕು. ಉಸಿರು ಕಟ್ಟುತ್ತಿದೆ, ಡ್ರಿಪ್ ನಿಲ್ಲಿಸಬೇಕು. ಮೂತ್ರ ಇಲ್ಲ, ಕೊಟ್ಟ ನೀರು ಹೊರಗೆ ಹೋಗುವುದಿಲ್ಲ. ಬರೀ ಬಿ.ಪಿ. ನೋಡಿಕೊಂಡು ಕೂತರೆ ಯಾವ ಕಡೆ ಹೆಜ್ಜೆ ಇಟ್ಟರೂ ತಪ್ಪಾಗಬಹುದು.

ಎದೆಗೆ ಪ್ರೋಬ್ ಇಟ್ಟೆ. ಎರಡೂ ಶ್ವಾಸಕೋಶಗಳಲ್ಲಿ ಮೇಲಿನಿಂದ ಪರದೆಯ ತಳದವರೆಗೆ ಇಳಿಯುವ ಬಿಳಿ ಪಟ್ಟಿಗಳು. ಇವಕ್ಕೆ ಬಿ-ಲೈನ್ ಅನ್ನುತ್ತಾರೆ, ಶ್ವಾಸಕೋಶ ಒದ್ದೆಯಾಗಿದೆ ಅಂತ ಅರ್ಥ. ತಳದಲ್ಲಿ ಎರಡೂ ಕಡೆ ಸ್ವಲ್ಪ ನೀರು. ಅಲ್ಲಿಗೇ ನಿಲ್ಲಿಸಿದ್ದರೆ ನೀರು ಜಾಸ್ತಿಯಾಗಿದೆ ಎಂದು ಮೂತ್ರ ಹೊರಡಿಸುವ ಲ್ಯಾಸಿಕ್ಸ್ ಕೊಟ್ಟುಬಿಡುತ್ತಿದ್ದೆವೇನೋ. ಹೃದಯ ನೋಡಿದೆ. ಬಡಿತ ಜೋರು, ಆದರೆ ಒಳಗೆ ತುಂಬಲು ರಕ್ತವೇ ಸಾಲದು. ಪ್ರತಿ ಬಡಿತಕ್ಕೂ ಎಡ ಕೋಣೆಯ ಗೋಡೆಗಳು ಹೆಚ್ಚುಕಡಿಮೆ ಒಂದಕ್ಕೊಂದು ತಾಗುತ್ತಿದ್ದವು. ಹೊಟ್ಟೆಯಿಂದ ಹೃದಯಕ್ಕೆ ಹೋಗುವ ದೊಡ್ಡ ವೇನ್ ಸಣ್ಣಗಾಗಿ, ಉಸಿರು ಎಳೆದಾಗಲೆಲ್ಲ ಮುಚ್ಚಿಕೊಳ್ಳುತ್ತಿತ್ತು.

ಅಂದರೆ ಶ್ವಾಸಕೋಶ ಒದ್ದೆ, ರಕ್ತನಾಳ ಖಾಲಿ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ವೇನ್ ಉಬ್ಬಿ ನಿಂತಿರುತ್ತಿತ್ತು. ಇಲ್ಲಿ ನೀರು ಹೆಚ್ಚಾಗಿಲ್ಲ, ಜಾಗ ತಪ್ಪಿದೆ. ಲ್ಯಾಸಿಕ್ಸ್ ಕೊಟ್ಟರೆ ಇದ್ದ ಬಿ.ಪಿ.ಯೂ ಹೋಗುತ್ತಿತ್ತು.

ನಾರ್‌ಅಡ್ರಿನಲಿನ್ ಅನ್ನುವ ಬಿ.ಪಿ. ಏರಿಸುವ ಔಷಧಿ ಬೇಗ ಶುರು ಮಾಡಿದೆವು. ದ್ರವವನ್ನು 250 ಎಂ.ಎಲ್. ಲೆಕ್ಕದಲ್ಲಿ ಕೊಟ್ಟು, ಪ್ರತಿ ಸಲವೂ ಎದೆ ಮತ್ತು ವೇನ್ ಮತ್ತೆ ನೋಡಿ, ಬಿ-ಲೈನ್ ಜಾಸ್ತಿಯಾಗುತ್ತಿದ್ದಂತೆ ನಿಲ್ಲಿಸಿದೆವು. ಮುಖಕ್ಕೆ ಮಾಸ್ಕ್ ಕಟ್ಟಿ ಒತ್ತಡದಲ್ಲಿ ಆಮ್ಲಜನಕ ಕೊಟ್ಟೆವು. ಟ್ಯೂಬ್ ಹಾಕುವ ಹಂತ ಬರಲಿಲ್ಲ. ಮೂತ್ರ ಹೊರಡದೆ, ಪೊಟ್ಯಾಸಿಯಂ ಏರತೊಡಗಿದಾಗ ಡಯಾಲಿಸಿಸ್ ಶುರು ಮಾಡಿದೆವು, ಒಟ್ಟು ಮೂರು ಸಲ. ನಾಲ್ಕನೇ ದಿನ ಸೋರಿಕೆ ನಿಂತಿತು. ಮುಖದ ಊತ ಇಳಿಯಿತು. ಸೋರಿದ ನೀರು ನಾಳಗಳಿಗೆ ವಾಪಸ್ ಬರುವ ಈ ಘಟ್ಟವೂ ಅಪಾಯದ್ದೇ. ಆಗ ಮೊದಲಿನ ಹಾಗೆ ಡ್ರಿಪ್ ಹರಿಸುತ್ತಾ ಹೋದರೆ ಶ್ವಾಸಕೋಶ ನಿಜವಾಗಿಯೂ ತುಂಬುತ್ತದೆ. ವೇನ್ ದಪ್ಪಗಾಗಿ ನಿಂತದ್ದು ಪರದೆಯಲ್ಲಿ ಕಂಡ ದಿನವೇ ಡ್ರಿಪ್ ತೆಗೆದೆವು. ಮೂತ್ರ ಒಂಬತ್ತನೇ ದಿನದಿಂದ ಚೆನ್ನಾಗಿ ಬರತೊಡಗಿತು.

ಆಮೇಲೆ

ಕಚ್ಚಿದ ಜಾಗದಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಚರ್ಮ ಕಪ್ಪಾಗಿ ಕಿತ್ತುಬಂತು. ಡ್ರೆಸಿಂಗಿನಲ್ಲೇ ಮಾಯಿತು. ಫೇಷಿಯಾಟಮಿ ಆಗಿದ್ದರೆ ಕಾಲಿನ ಎರಡೂ ಬದಿಗೆ ಉದ್ದನೆಯ ಗಾಯ, ಆಮೇಲೆ ತೊಡೆಯ ಚರ್ಮ ತೆಗೆದು ಮುಚ್ಚುವುದು, ತಿಂಗಳುಗಟ್ಟಲೆ ಕುಂಟು. ದಿನಗೂಲಿ ನಂಬಿದ ಮನೆಯಲ್ಲಿ ಅದರ ಲೆಕ್ಕ ಆಸ್ಪತ್ರೆ ಬಿಲ್ಲಿನಲ್ಲಿ ಕಾಣುವುದಿಲ್ಲ.

ಪ್ರಕರಣವನ್ನು ಜಿಲ್ಲಾ ಕಚೇರಿಗೆ ವರದಿ ಮಾಡಿದೆವು. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಖಾಸಗಿ ಆಸ್ಪತ್ರೆಗಳೂ ಸೇರಿ ಎಲ್ಲರೂ ವರದಿ ಮಾಡಲೇಬೇಕು. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜು ಇದೆ. ಆಸ್ಪತ್ರೆ ದಾಖಲೆಗಳಲ್ಲಿ ಸಿಗುವ ಸಂಖ್ಯೆ ಅದರ ಹತ್ತಿರವೂ ಸುಳಿಯುವುದಿಲ್ಲ.

ಆರನೇ ವಾರ ತೋರಿಸಲು ಬಂದರು. ಕ್ರಿಯಾಟಿನಿನ್ 1.0. ಬಲಗಾಲಿನ ಕೊಬ್ಬಿನ ಪದರ 10 ಮಿಲಿಮೀಟರ್, ಮಾಂಸಖಂಡ 26. ಪಾದವನ್ನು ಮೇಲೆತ್ತುವ ಶಕ್ತಿ ಎರಡೂ ಕಡೆ ಒಂದೇ. ಸಂಜೆ ಹೊತ್ತಿಗೆ ಹರಡು ಸ್ವಲ್ಪ ಊದುತ್ತದೆ ಅಂದರು. ಕೊಳಕುಮಂಡಲದ ವಿಷ ಮಿದುಳಿನ ಪಿಟ್ಯುಟರಿ ಗ್ರಂಥಿಗೂ ಪೆಟ್ಟು ಕೊಡಬಹುದು. ಅದು ಗೊತ್ತಾಗುವುದು ತಿಂಗಳು, ಕೆಲವೊಮ್ಮೆ ವರ್ಷ ಕಳೆದ ಮೇಲೆ. ವಿಪರೀತ ಸುಸ್ತು, ತಲೆಸುತ್ತು, ಮುಟ್ಟು ನಿಲ್ಲುವುದು, ಕೂದಲು ಉದುರುವುದು. ಹಾವು ಕಚ್ಚಿದ್ದಕ್ಕೂ ಇದಕ್ಕೂ ನಂಟು ಇದೆ ಅಂತ ಮನೆಯವರಿಗೆ ಹೊಳೆಯುವುದೇ ಇಲ್ಲ. ಬೆಳಗಿನ ಕಾರ್ಟಿಸಾಲ್, ಥೈರಾಯ್ಡ್ ಪರೀಕ್ಷೆ ಈ ಸಲ ಸರಿ ಇದ್ದವು. ಈ ಲಕ್ಷಣಗಳನ್ನು ಸೊಸೆಗಿಂತ ಹೆಚ್ಚಾಗಿ ಅತ್ತೆಗೆ ಬಿಡಿಸಿ ಹೇಳಿ, ಆರು ತಿಂಗಳಿಗೆ ಮತ್ತೆ ಬರಲು ಚೀಟಿ ಬರೆದುಕೊಟ್ಟೆವು.

ಸರ್ಜನ್ ಅವರ ತಕರಾರು ಈಗಲೂ ಹಾಗೇ ಇದೆ. ಒಂದು ಕಾಲು ನೋಡಿ ನಿಯಮ ಮಾಡಬೇಡಿ ಅನ್ನುತ್ತಾರೆ. ಹಲ್ಲು ನೇರ ಮಾಂಸಖಂಡಕ್ಕೇ ಇಳಿದ ರೋಗಿಯೂ ಒಂದು ದಿನ ಬರುತ್ತಾರೆ, ಅದರಲ್ಲೂ ತೆಳ್ಳಗಿನ ಮಕ್ಕಳು. ಬೆರಳು, ಅಂಗೈಯಲ್ಲಿ ಕಡಿತವಾದರೆ ಅಲ್ಲಿ ಊತಕ್ಕೆ ಜಾಗವೇ ಕಡಿಮೆ, ಈ ಅಳತೆ ಅಷ್ಟು ಸಲೀಸಲ್ಲ. ನಾನೂ ಒಪ್ಪುತ್ತೇನೆ. ಅದಕ್ಕೇ ಒಂದು ಮಾತಾಗಿದೆ. ಮುಂದಿನ ಸಲ ಮಾಂಸಖಂಡ ಎರಡು ಕಾಲಿನಲ್ಲಿ ಬೇರೆ ಬೇರೆ ದಪ್ಪ ಕಂಡರೆ, ರಕ್ತ ಹೆಪ್ಪುಗಟ್ಟುತ್ತಿದ್ದಂತೆ ಅವರು ಒತ್ತಡದ ಸೂಜಿ ಹಾಕುತ್ತಾರೆ, ನಾನು ಪ್ರೋಬ್ ಹಿಡಿದು ಸೂಜಿಗೆ ದಾರಿ ತೋರಿಸುತ್ತೇನೆ.